ಮೂರು ಹೆಸರಿನ ಚೀಟಿ

ಪಾಸಿಟಿವ್ ಅಂದರೆ ಫೇಲಂತೆ.
ಟರ್ಮಿನಲ್ ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ
ನನಗಿಂತ ಇಪ್ಪತ್ತು ವರ್ಷ ಚಿಕ್ಕವನೊಬ್ಬ
ಕೈಗವಸು ಕಳಚುತ್ತಾ ಹೇಳಿದ.
ಬಾಟಲಿಯ ಮೇಲೆ ನನ್ನದೇ ಹೆಸರು, ಹಿರಿಯಣ್ಣಯ್ಯ,
ಒಳಗಿದ್ದದ್ದು ಇನ್ನೂ ಬೆಚ್ಚಗಿತ್ತು.

ಸೂಪರ್‌ವೈಸರು ಟ್ಯಾಂಕರಿನ ಕೀಲಿ ಈಸಿಕೊಂಡು
ಒಂದು ಚೀಟಿ ಕೊಟ್ಟರು. ಮೂರು ಹೆಸರು, ಮೂರು ನಂಬರು.
‘ಒಬ್ಬರನ್ನ ನೀನೇ ಆರಿಸ್ಕೊ.
ಅವರು ಬರೆದುಕೊಟ್ರೆ ಸ್ಟೇರಿಂಗು, ಇಲ್ದಿದ್ರೆ ಇಲ್ಲ.’

ಆರಿಸಿ ಗೊತ್ತಿಲ್ಲ ನನಗೆ.
ಲೋಡು ಅವರದು, ರೂಟು ಅವರದು,
ಸಕಲೇಶಪುರದಾಚೆಯ ತಿರುವುಗಳು ಯಾರವೂ ಅಲ್ಲ.
ಸೊಪ್ಪೊಂದೇ ನಾನಾಗಿ ಆರಿಸಿದ್ದು,
ಅದೂ ನಾನೋ, ನಿದ್ದೆಗೆಟ್ಟ ಕಣ್ಣೋ, ಖಾತ್ರಿಯಿಲ್ಲ.

ಸೊಪ್ಪು ಅಂದೆನಲ್ಲ,
ಮನೆಯಲ್ಲೂ ಅದೇ ವ್ಯಾಪಾರ.
ಚಿಕ್ಕತಾಯಿ ಬೆಳಗಿನ ಜಾವ ನಾಲ್ಕಕ್ಕೆ
ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ಗೋಣಿ ಹಾಸುತ್ತಾಳೆ:
ದಂಟು, ಸಬ್ಬಸಿಗೆ, ಕೀರೆ, ಮೆಂತ್ಯ.
ವಿಷಯ ಹೇಳಿದಾಗ ‘ಯಾವ ಸೊಪ್ಪು?’ ಅಂದಳು,
ಅರ್ಥವಾಗಿದ್ದೂ.
ಆಮೇಲೆ ಕೊತ್ತಂಬರಿಗೆ ನೀರು ಚಿಮುಕಿಸುತ್ತಾ
ಯಾರೋ ಗಿರಾಕಿಯ ಜೊತೆ ಒಂದು ರೂಪಾಯಿಗೆ
ಊರೆಲ್ಲ ತಿರುಗಿ ನೋಡುವಷ್ಟು ಜಗಳವಾಡಿದಳು.

ಮೊದಲ ಹೆಸರು ಸಾಲಗಾಮೆ ರಸ್ತೆಯ ಡಾಕ್ಟರದು.
‘ಎರಡೂವರೆ ಸಾವಿರ. ಸೋಮವಾರ ಬನ್ನಿ,
ಮಂಗಳವಾರ ಲೆಟರ್’ ಅಂದ ಫೋನೆತ್ತಿದ ಹುಡುಗ.
ಹಿಂದೆ ಡಾಕ್ಟರು ಇನ್ಯಾರ ಜೊತೆಗೋ ನಗುತ್ತಿದ್ದರು.
ಸುಳ್ಳೇಕೆ, ಆಸೆಯಾಯಿತು.
ಎರಡು ದಿನ ಆ ಚೀಟಿಯನ್ನ
ಅಂಗಿ ಜೇಬಲ್ಲಿ ಮುಟ್ಟಿ ಮುಟ್ಟಿ ನೋಡಿಕೊಂಡೆ.

ಎರಡನೆಯದು ಅರಸೀಕೆರೆ ರಸ್ತೆಯ ಕೇಂದ್ರ, ಹೋಗಿ ನೋಡಿದೆ.
ತೊಂಬತ್ತು ದಿನ, ಗ್ಯಾರಂಟಿ, ಗೋಡೆಯ ಮೇಲೆ ಬರೆಸಿದ್ದರು.
ಕಂಬಿಯ ಹಿಂದೆ ಒಂದೇ ಥರ ಬೋಳಿಸಿದ ತಲೆಗಳು
ಪ್ರಾರ್ಥನೆ ಕಿರುಚುತ್ತಿದ್ದವು.
ಒಬ್ಬ ನನ್ನ ಗುರುತು ಹಿಡಿದು
ಅರ್ಧ ಎತ್ತಿದ ಕೈಯನ್ನ ತಲೆ ಕೆರೆಯುವುದಕ್ಕೆ ತಿರುಗಿಸಿದ.

ಮೂರನೆಯವರು ಫಿಲೋಮಿನಾ.
ಸೈಕಲ್ ಅಂಗಡಿ ಮೇಲಿನ ರೂಮು, ಪಂಕ್ಚರ್ ಸಲ್ಯೂಷನ್ ವಾಸನೆ,
ಎರಡು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲಿಗೆ ಬಟ್ಟೆ ಸುತ್ತಿತ್ತು.
‘ಲೆಟರ್ ಕೊಡ್ತೀರಾ ಮೇಡಂ?’
‘ಗೊತ್ತಿಲ್ಲ.’
‘ಎಷ್ಟು ದಿನ ಆಗುತ್ತೆ?’
‘ಅದೂ ಗೊತ್ತಿಲ್ಲ. ನೋಡೋಣ.’

ಟ್ಯಾಂಕರಿಗೆ ಹಿಂದೆ ಕಣ್ಣಿರುವುದಿಲ್ಲ.
ಹಿಂದಕ್ಕೆ ತೆಗೆಯುವಾಗ ಕ್ಲೀನರನ ಬಾಯೇ ಕನ್ನಡಿ.
‘ಬರ್ಲಿ, ಬರ್ಲಿ, ಬರ್ಲಿ’ ಅನ್ನುವವನನ್ನ ನಂಬಿ
ಹೊಳೆನರಸೀಪುರದಲ್ಲಿ ಒಂದು ಹಾಲಿನ ಬೂತು ಕೆಡವಿದ್ದೇನೆ.
ಇನ್ನೊಬ್ಬನಿದ್ದ, ಕುಳ್ಳ, ಉಗ್ಗ, ರಝಾಕ್ ಅಂತ.
‘ಗೊ... ಗೊತ್ತಿಲ್ಲಣ್ಣ, ಇಳಿದು ನೋಡ್ತೀನಿ’ ಅನ್ನುತ್ತಿದ್ದ.
ಆರು ವರ್ಷ. ಒಂದು ಗೀರು ಬೀಳಲಿಲ್ಲ.

ಅಲ್ಲೇ ಕೂತೆ. ಬಟ್ಟೆ ಸುತ್ತಿದ ಕುರ್ಚಿಯಲ್ಲೇ.

‘ಪೆಟ್ರೋಲ್ ಗಾಡಿ. ಎಲ್ಲಿ ಹಚ್ತೀರಿ?’
ಗಾಡಿ ನಿಲ್ಲಿಸಿ ಇಪ್ಪತ್ತು ಮಾರು ದೂರ ಹೋಗಿ, ಅಂದೆ,
ಸ್ವಲ್ಪ ಹೆಮ್ಮೆಯಿಂದಲೇ. ‘ಎಣಿಸ್ಕೊಂಡು ಹೋಗ್ತೀನಿ ಮೇಡಂ.’
ಅವರು ಬರೆದುಕೊಳ್ಳಲಿಲ್ಲ. ಪೆನ್ನು ಮುಚ್ಚಿದರು.
‘ಆ ಇಪ್ಪತ್ತು ಮಾರು ನಡೆಯೋವಾಗ
ಏನು ಯೋಚಿಸ್ತಿರ್ತೀರಿ?’

ಕೆಳಗೆ ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು.

ನಮ್ಮೂರ ಅಮ್ಮನ ಬಾಗಿಲು ವರ್ಷಕ್ಕೊಮ್ಮೆ ತೆಗೆಯುವುದು,
ಹಚ್ಚಿಟ್ಟ ದೀಪ ಒಳಗೆ ಹಾಗೇ ಉರಿಯುತ್ತಿರುತ್ತೆ ಅಂತಾರೆ.
ನನ್ನ ಬಾಗಿಲಿಗೆ ಎಷ್ಟು ವರ್ಷದ ಬೀಗವೋ,
ಒಳಗೆ ದೀಪವೋ, ಬರೀ ಮಸಿಯೋ.

‘ಎಣಿಸ್ತಿರ್ತೀನಿ ಮೇಡಂ’ ಅಂದೆ ಮತ್ತೆ.
‘ಸರಿ’ ಅಂದರು. ‘ಇವತ್ತು ಅಲ್ಲಿಗೆ ಸಾಕು. ಗುರುವಾರ ಬನ್ನಿ.’

ಮೆಟ್ಟಿಲಿಗೆ ಕಂಬಿಯಿಲ್ಲ. ಗೋಡೆ ಹಿಡಿದು ಇಳಿದೆ.