ಇನ್ನೂರು ಕುರ್ಚಿ

ಸಂಘಕ್ಕೆ ನಲವತ್ತು ತುಂಬಿತೆಂದು ಸ್ಮರಣ ಸಂಚಿಕೆ.
ಬ್ಯಾಂಕಿನಿಂದ ನಿವೃತ್ತಳು, ಅಕ್ಷರ ದುಂಡಗೆ:
ಈ ಎರಡು ತಪ್ಪಿಗೆ ನನ್ನ ತಲೆಗೇ ಕಟ್ಟಿದರು.
"ಊರವರನ್ನು ಮಾತಾಡಿಸಿ ಮೇಡಂ, ಶಿವಮೊಗ್ಗದ ಕಲಾಭಿಮಾನದ ಬಗ್ಗೆ
ಎರಡೆರಡು ಮಾತು. ಒಟ್ಟು ಒಂದೂವರೆ ಪುಟ."

ದುರ್ಗಿಗುಡಿಯ ಸಂದಿಯಲ್ಲಿ ತುಕೋಜಿರಾಯರು
ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ.
"ಅಭಿಮಾನ ಟೇಪಿಗೆ ಸಿಗಲ್ಲ ಕಣಮ್ಮ.
ನಿಮ್ಮ ದುರ್ಯೋಧನನ ಸೊಂಟ ಮೂವತ್ತೆರಡಿತ್ತು, ಈಗ ನಲವತ್ತು.
ಅಂಗಿ ಅದೇ. ವರ್ಷಾವರ್ಷ ಹೊಲಿಗೆ ಬಿಚ್ಚಿ ಬಿಚ್ಚಿ
ಒಳಗೆ ಬಿಡಲಿಕ್ಕೆ ಬಟ್ಟೆಯೇ ಉಳಿದಿಲ್ಲ. ಇದನ್ನ ಬರ್ಕೊಳ್ಳಿ."
ಬರೆದುಕೊಂಡೆ.

ಆಟೋ ಹಾಲೇಶ: "ಪಾರ್ಕಿಂಗ್ ಸರಿ ಮಾಡಿ ಮಾರಾಯ್ರೆ,
ಕಲೆ ತಾನಾಗೇ ಉದ್ಧಾರ ಆಗತ್ತೆ."

ಭವನ ಗುಡಿಸುವ ಫಿಲೋಮಿನಾ
ಪ್ರೇಕ್ಷಕರನ್ನು ಬಲ್ಲಳು ಕಡಲೆಕಾಯಿ ಸಿಪ್ಪೆಯಿಂದ.
"ಅಳೋ ಸೀನಿದ್ರೆ ಸಿಪ್ಪೆ ಕಮ್ಮಿ ಅಕ್ಕ.
ನಗೋ ನಾಟಕಕ್ಕೆ ಎರಡು ಬುಟ್ಟಿ.
ಸನ್ಮಾನ ಇಟ್ರೋ, ಬರೀ ಸೇವಂತಿಗೆ ಎಸಳು,
ತುಳಿದು ತುಳಿದು ನೆಲಕ್ಕೆ ಅಂಟಿರತ್ತೆ, ಉಗುರಲ್ಲಿ ಕೆರೀಬೇಕು."
ಆಮೇಲೆ ನಲ್ಲಿ ನೀರಿನ ಸುದ್ದಿ; ಮಗಳ ಭರತನಾಟ್ಯದ ಫೀಸು.
ಟೀಚರು ಅರ್ಧ ಬಿಟ್ಟಿದ್ದಾರಂತೆ, ಇನ್ನರ್ಧಕ್ಕೆ
ಇವಳು ಅವರ ಅಂಗಳ ಗುಡಿಸುತ್ತಾಳಂತೆ.
"ಇದು ಬೇಡ," ಎಂದಳು.
ಹೊಡೆದು ಹಾಕಿದೆ, ಓದಲು ಬರುವಷ್ಟು ತೆಳ್ಳಗೆ.

ಕೊನೆಗೆ ಶಂಷುದ್ದೀನ್ ಸಾಹೇಬರ ಗೋದಾಮು.
ಶಾಮಿಯಾನ, ಹಂಡೆ, ಛಾವಣಿ ಮುಟ್ಟುವ ನೀಲಿ ಕುರ್ಚಿಗಳ ಕಂಬ.
ಒಂದನ್ನಿಳಿಸಿ, ಹೆಗಲ ಟವಲಿನಿಂದ ಒರೆಸಿ ಕೊಟ್ಟರು.

"ಜನ ಎದ್ದು ಹೋದಮೇಲೆ ನೋಡ್ಬೇಕು ನೀವು.
ಸಂಗೀತ ಕಚೇರಿ ಆದ್ರೆ ಸಾಲು ಸಾಲಾಗೇ ಇರ್ತವೆ.
ಭಾಷಣ ಆದ್ರೆ ಹಿಂದಿನ ಸಾಲು ಬಾಗಿಲ ಕಡೆ ತಿರುಗಿರತ್ತೆ.
ಸತ್ತ ಮನೇಲಿ ಎರಡೆರಡು, ಮೊಣಕಾಲಿಗೆ ಮೊಣಕಾಲು.
ನಾಟಕ ಚೆನ್ನಾಗಿದ್ರೆ ಮಾತ್ರ
ಒಂದೂ ಜಾಗದಲ್ಲಿರಲ್ಲ, ಎಲ್ಲ ಮುಂದಕ್ಕೆ ಜರುಗಿರ್ತವೆ.
ಪೇಪರ್‌ನೋರು ಬರೆಯೋ ಮೊದಲೇ ನಂಗೆ ಗೊತ್ತು."

ಚಹಾ ಬಂತು. ಬಸಿಗೆ ಸುರಿದು ಆರಿಸುತ್ತ,
"ಆ ಕರ್ಫ್ಯೂ ವಾರ," ಎಂದು ಶುರು ಮಾಡಿ ನಿಲ್ಲಿಸಿದರು.
ನಾನೂ ಪೆನ್ನಿನ ಟೋಪಿ ಹಾಕಿದೆ.

"ಇನ್ನೂರು ಕುರ್ಚಿ ಭವನದಲ್ಲೇ ಸಿಕ್ಕಾಕ್ಕೊಂಡ್ವು.
ಆರನೇ ದಿನ ಹೋಗ್ತೀನಿ: ಒರೆಸಿ, ಹತ್ತರ ಹಾಗೆ ಪೇರಿಸಿಟ್ಟಿದ್ರು.
ಯಾರು ಅಂತ ಕೇಳಿದ್ರೆ ಯಾರೂ ಇಲ್ಲ.
ಎಣಿಸಿದ್ರೆ ಇನ್ನೂರಾ ಒಂದು.
ಮೂವತ್ತು ವರ್ಷದ ಬಾಡಿಗೇಲಿ ಕಮ್ಮಿ ಬಂದಿದ್ದುಂಟು ತಾಯಿ,
ಜಾಸ್ತಿ ಬಂದಿದ್ದು ಅದೊಂದೇ."
ಮೂಲೆಗೆ ಕೈ ತೋರಿಸಿದರು.
ಬೆತ್ತದ ಬೆನ್ನಿನ ಮರದ ಕುರ್ಚಿ,
ಒಂದು ಕಾಲಿಗೆ ಸೈಕಲ್ ಟ್ಯೂಬಿನ ಪಟ್ಟಿ. ಯಾರದೋ ಮನೆಯದು.
"ಗುರುತಿದ್ದೋರು ಒಯ್ಯಲಿ ಅಂತ
ಪ್ರತಿ ಪ್ರೋಗ್ರಾಮಿಗೂ ಕಳಿಸ್ತೀನಿ. ಕೂರ್ತಾರೆ. ಒಯ್ಯಲ್ಲ."

ಒಂದೂವರೆ ಪುಟಕ್ಕೆ ಇದ್ಯಾವುದೂ ಹಿಡಿಯಲಿಲ್ಲ.
"ಸಹೃದಯರ ನೆಲೆವೀಡಾದ ನಮ್ಮ ಊರು" ಎಂದು ಕಾರ್ಯದರ್ಶಿ ತಿದ್ದಿದರು,
ಕೆಳಗೆ ನನ್ನ ಹೆಸರು, ಅದರಲ್ಲೂ ಒಂದು ಒತ್ತಕ್ಷರ ತಪ್ಪು.

ಬಿಡುಗಡೆಯ ರಾತ್ರಿ ನಾಟಕ ಹನ್ನೊಂದಕ್ಕೆ ಮುಗಿಯಿತು.
ದುರ್ಯೋಧನ ಬಿದ್ದಾಗ ಬೆನ್ನಹೊಲಿಗೆ ಚರ್ ಎಂದದ್ದು
ಮೂರನೇ ಸಾಲಿಗೂ ಕೇಳಿ ತುಕೋಜಿರಾಯರು ಕಣ್ಣು ಮುಚ್ಚಿಕೊಂಡರು.
ಜನ ತುಂಗೆಯ ಕಡೆಗೆ, ಬಸ್‌ಸ್ಟ್ಯಾಂಡಿನ ಕಡೆಗೆ ಕರಗಿದ ಮೇಲೆ
ಫಿಲೋಮಿನಾ ಪೊರಕೆ ತಂದಳು, ನಾನು ಸೆರಗು ಸಿಕ್ಕಿಸಿ
ಸಾಹೇಬರ ಜೊತೆ ಎಣಿಕೆಗೆ ನಿಂತೆ.
ಕುರ್ಚಿಗಳು ದಿಕ್ಕಾಪಾಲು. ಮುಂದಕ್ಕೆ.
ಕ್ಯಾಷಿಯರ್ ಕೈ, ಎರಡು ಸಲ ಎಣಿಸಿದೆ.

ಮರದ್ದೂ ಸೇರಿ ಇನ್ನೂರು.

"ಒಂದು ನೀಲಿ ಹೋಗಿದೆಯಲ್ಲ ಸಾಹೇಬ್ರೆ?"
ಟೆಂಪೋದ ಹಗ್ಗ ಬಿಗಿಯುತ್ತಿದ್ದವರು
ತಿರುಗಿ ನೋಡದೆ ಅಂದರು:
"ಲೆಕ್ಕ ಸರಿ ಇದೆ, ಬರ್ಕೊಳ್ಳಿ."