ಹಿತಾಸಕ್ತಿ

ಅರ್ಬ್ರೋತ್ ಊರಿನಲ್ಲಿ ಬಾಗಿಲು ಹಾಕಿದ ಬ್ಯಾಂಕಿನ ಮೇಲ್ಮಹಡಿ,
ತಿಂಗಳ ಎರಡನೇ ಮಂಗಳವಾರ.
ಕಿಟಕಿ ತೆರೆದರೆ ಹೊಗೆಗೆ ತೂಗಿಟ್ಟ ಮೀನಿನ ವಾಸನೆ,
ಮುಚ್ಚಿದರೆ ಹೀಟರಿನ ಸುಟ್ಟ ಧೂಳು.
ನಾವು ಆರು ಮಂದಿ. ಸಂಬಳವಿಲ್ಲ. ಬಿಸ್ಕತ್ತು ಉಂಟು,
ಅದೂ ಸರದಿಯ ಮೇಲೆ, ಅವರವರ ಖರ್ಚಿನಲ್ಲಿ.

ಅಧ್ಯಕ್ಷೆ ರೋನಾ ಬೀಟಿ ಹಿಂದೆ ಹೆಡ್‌ಮಿಸ್;
ಈಗಲೂ ಒಮ್ಮೆ ಕೆಮ್ಮಿದರೆ ನೆಟ್ಟಗೆ ಕೂರುತ್ತೇವೆ.
ಲೆಕ್ಕದ ಡೂಗಲ್ ಮೂವತ್ತು ವರ್ಷ ಬಸ್ಸು ಓಡಿಸಿದವ,
ಒಂದು ಪೆನ್ನಿ ತಾಳೆಯಾಗದಿದ್ದರೆ
ಯಾರನ್ನೋ ಸ್ಟಾಪಿನಲ್ಲಿ ಬಿಟ್ಟುಬಂದವನಂತೆ ಚಡಪಡಿಸುತ್ತಾನೆ.
ವಿಜ್ಞಾನಿಗಳ ಬರಹವನ್ನು ಬಿಡಿಸಿ ಹೇಳಲು
ಔಷಧಿ ಅಂಗಡಿಯ ಫೋಲಾರಿನ್. ತಡವಾಗಿ ಬರಲು ವಕೀಲೆ ಕಿರ್ಸ್ಟಿ.
ಮತ್ತೆ ಎಫಿ ಸ್ಪಿಂಕ್, ಮೀನಿನ ಹರಾಜಿನಲ್ಲಿ ಪಳಗಿದ ಗಂಟಲು.
ನಾನು ನಡಾವಳಿ ಬರೆಯುವವ.
ಯಾರನ್ನು ಕಳಕೊಂಡು ಇಲ್ಲಿಗೆ ಬಂದೆ ಎಂದು
ಈ ಮೇಜಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ಎರಡನೇ ವಿಷಯ ಯಾವಾಗಲೂ ಒಂದೇ:
ಹಿತಾಸಕ್ತಿ ಇದ್ದವರು ತಿಳಿಸತಕ್ಕದ್ದು.
ಇಲ್ಲ, ಇಲ್ಲ, ಇಲ್ಲ ಎಂದು ಹಾಜರಿಯ ಹಾಗೆ ಸುತ್ತು ಬರುತ್ತದೆ.
'ಯಾರಿಗೂ ಇಲ್ಲ' ಎಂದು ಮನೆಯಲ್ಲೇ ಬರೆದುಕೊಂಡು ಬಂದಿರುತ್ತೇನೆ.
ಆವತ್ತೂ ಬಂದಿದ್ದೆ.

"ನನಗಿದೆ," ಅಂದಳು ಎಫಿ.
"ಐದನೇದು. ಡಂಡೀಯವರ ಅರ್ಜಿ, ಅಂಡಾಶಯದ್ದು.
ನನಗೂ ಅದೇ. ಜೂನ್‌ನಿಂದ."
ಉಳಿದ ಕೊನೆಯ ಪೆಟ್ಟಿಗೆಗೆ ಬೆಲೆ ಕೂಗಿದಂತೆ.
ಎತ್ತಿದ ಕಪ್ಪುಗಳು ಸಾಸರಿಗೆ ಇಳಿಯಲಿಲ್ಲ.
ರೋನಾ ಕೆಮ್ಮಿದಳು. ಈ ಸಲ ಯಾರೂ ನೆಟ್ಟಗಾಗಲಿಲ್ಲ.

ಏಳು ನಲವತ್ತೆರಡು: ಶ್ರೀಮತಿ ಸ್ಪಿಂಕ್ ಹೊರನಡೆದರು.
ನಡಾವಳಿಯಲ್ಲಿ ಇಷ್ಟೇ.
ಬಾಗಿಲ ಮಸುಕು ಗಾಜಿನಲ್ಲಿ ಅವಳ ಭುಜ
ನಿಂತೇ ಇತ್ತು ಎಂಬುದು ಇಲ್ಲ.

ಕೈಯಲ್ಲಿ ಹತ್ತೊಂಬತ್ತು ಸಾವಿರ ಪೌಂಡು:
ಚಿಪ್ಸ್ ಅಂಗಡಿಗಳ ಡಬ್ಬಿಗಳದ್ದು,
ಹೊಸವರ್ಷದ ಬೆಳಿಗ್ಗೆ ಸಮುದ್ರಕ್ಕೆ ಹಾರಿದ ಎಂಬತ್ತು ಮಂದಿಯ ನಡುಕದ್ದು,
ದೀಪಸ್ತಂಭದ ಮುದುಕನೊಬ್ಬನ ಉಯಿಲಿನದ್ದು.
ಅರ್ಜಿ ಎರಡು. ದುಡ್ಡು ಒಂದಕ್ಕೆ.
ಅಬರ್ಡೀನಿನವರದ್ದು ಕರುಳಿನ ಕ್ಯಾನ್ಸರ್, ರಕ್ತದಲ್ಲೇ ಬೇಗ ಹಿಡಿಯುವ ಬಗೆ.
ಡಂಡೀಯದನ್ನು ಫೋಲಾರಿನ್ ಎರಡು ಸಲ ಓದಿದ,
ಕನ್ನಡಕ ಒರೆಸಿದ, ಒರೆಸಿದ್ದನ್ನೇ ಒರೆಸಿದ.
"ಇಲಿಗಳು ಸಾಲವು. ಇಷ್ಟರಲ್ಲಿ ಉತ್ತರ ಬಂದರೂ
ಅದು ಉತ್ತರ ಹೌದೋ ಅಲ್ಲವೋ ಗೊತ್ತಾಗದು."
ಡೂಗಲ್ ಬಾಗಿಲನ್ನೇ ನೋಡುತ್ತಿದ್ದ.
"ಕೊಟ್ಟುಬಿಡೋಣ," ಅಂದ, "ಒಂದೇ ಒಂದು ಸಲ."
ಕಿರ್ಸ್ಟಿ ಮೆಲ್ಲಗೆ, "ಹೋದ ತಿಂಗಳಾಗಿದ್ದರೆ
ಯಾವುದಕ್ಕೆ ಕೈ ಎತ್ತುತ್ತಿದ್ದೆವು? ಅದಕ್ಕೇ ಎತ್ತೋಣ."

ಎತ್ತಿದೆವು. ಒಂದು, ಎರಡು, ಮೂರು, ನನ್ನದು.
ಕೈ ಇಷ್ಟು ಭಾರವೆಂದು ನನಗೆ ತಿಳಿದಿರಲಿಲ್ಲ.
ಡೂಗಲನದು ಬಹಳ ಹೊತ್ತಿನ ಮೇಲೆ,
ಇಕ್ಕಟ್ಟಿನ ಬೀದಿಯಲ್ಲಿ ಬಸ್ಸು ಹಿಂದಕ್ಕೆ ತೆಗೆದಂತೆ.

ಎಂಟು ಹತ್ತು: ಒಳಬಂದರು.
ಕೈಯಲ್ಲಿ ತುಂಬಿಸಿ ತಂದ ಹಾಲಿನ ಜಗ್ಗು.
ರೋನಾ ಹೇಳಿದಳು, ಫೇಲಾದ ಮಗುವಿನ ತಾಯಿಗೆ ಹೇಳುವಂತೆ.
"ಸರಿ," ಅಂದಳು ಎಫಿ. "ಇಲಿ ಸಾಲದು.
ನನ್ನ ಪ್ರತಿಯಲ್ಲೂ ಗುರುತು ಹಾಕಿದ್ದೆ, ನೋಡಿ."
ಹೌದು. ಅಂಚಿನಲ್ಲಿ ಪೆನ್ಸಿಲಿನ ಗೀರು,
ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು.

"ಚೆಕ್ಕು ಎಲ್ಲಿ?"
ನಮ್ಮ ಚೆಕ್ಕಿಗೆ ಎರಡು ಸಹಿ. ಒಂದು ಡೂಗಲನದು,
ಇನ್ನೊಂದು ಮೊದಲಿನಿಂದಲೂ ಅವಳದು.
ಮೀನು ಪೆಟ್ಟಿಗೆಗೆ ಚೀಟಿ ಅಂಟಿಸುವವರ ದಪ್ಪ ಅಕ್ಷರದಲ್ಲಿ
ಅಬರ್ಡೀನಿನ ಹೆಸರಿನ ಕೆಳಗೆ ಬರೆದಳು.
ಪೆನ್ನಿನ ಟೋಪಿ ಹಾಕುತ್ತ,
"ಡಂಡೀಯವರಿಗೆ ಬರೆದುಹಾಕಿ,
ಇಲಿ ಹೆಚ್ಚಿಸಿ ಮುಂದಿನ ವರ್ಷ ಕಳಿಸಲಿ. ನೋಡೋಣ."

ಮುಂದಿನ ವರ್ಷ ಎಂಬಲ್ಲಿ ನನ್ನ ಶಾಯಿ
ಒಂದು ಚುಕ್ಕೆ ಹೆಚ್ಚು ಹರಡಿತು.

ಮನೆಗೆ ಬಂದು 'ಯಾರಿಗೂ ಇಲ್ಲ' ಎಂಬುದನ್ನು ಹೊಡೆದುಹಾಕಿದೆ.
ಉಳಿದದ್ದು ವಾಡಿಕೆಯಂತೆ.
ಮುಂದಿನ ಸಭೆ: ಡಿಸೆಂಬರ್ ಒಂಬತ್ತು.
ಬಿಸ್ಕತ್ತು: ಎಫಿ.