ಎರಡೂ ಮುಕ್ಕಾಲರ ನೀರು

ಒಂಬತ್ತೂವರೆಗೆ ದೀಪ ಆರಿಸುತ್ತೇನೆ.
ಹತ್ತಕ್ಕೆ ಅಂಗಾಲು ಹೊತ್ತಿಕೊಳ್ಳುತ್ತದೆ.

ಎರಡೂ ಪಾದ ಗೋಡೆಗೆ ಒತ್ತಿ ಮಲಗಿದರೆ
ಸುಣ್ಣದ ತಂಪು ಕಾಲು ಗಂಟೆ ತಡೆಯುತ್ತದೆ,
ಆಮೇಲೆ ಗೋಡೆಯೇ ಬಿಸಿ.
ಒಂದು ಗೇಣು ಆಚೆ ಸರಿಯುತ್ತೇನೆ, ಹೊಸ ಗೋಡೆಗೆ.
ಹೀಗೆ ಬೆಳಗಾಗುವುದರೊಳಗೆ
ಬಾಗಿಲಿನಿಂದ ಗ್ಯಾಸ್ ಸಿಲಿಂಡರಿನ ತನಕ ಯಾತ್ರೆ.

ಸಕ್ಕರೆ ಬಂದು ಹದಿನಾಲ್ಕು ವರ್ಷ.
ಕೀಲುವಾತ ಆಮೇಲೆ ಬಂದದ್ದು, ಆದರೂ ಯಜಮಾನಿಕೆ ಅದರದೇ.
ಥೈರಾಯ್ಡು ಪಾಪ, ಬಾಡಿಗೆಯವರ ಹಾಗೆ
ಬೆಳಗಿನ ಒಂದು ಗುಳಿಗೆ ಇಸಕೊಂಡು ತೆಪ್ಪಗಿರುತ್ತದೆ.
ಕೀಲಿಗೆ ಕೊಟ್ಟದ್ದು ಸಕ್ಕರೆ ಏರಿಸುತ್ತದೆ,
ಸಕ್ಕರೆ ಏರಿದರೆ ಗಂಟೆಗೊಂದು ಸಲ ಬಚ್ಚಲು,
ಬಚ್ಚಲಿಗೆ ಎದ್ದರೆ ಮಂಡಿ,
ಮಂಡಿ ಅಂದರೆ ಮತ್ತೆ ಅದೇ ಗುಳಿಗೆ.
ಒಂದು ಕಡೆ ಹೊಲಿಗೆ ಬಿಗಿ ಮಾಡಿದರೆ
ಇನ್ನೊಂದು ಕಡೆ ಬಟ್ಟೆ ಎಳೆಯುತ್ತದೆ.
ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ,
ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಇಪ್ಪತ್ತೆರಡು ವರ್ಷ
ಕಾಲರ್ ಚೆಕಿಂಗು ಮಾಡಿದವಳಿಗೆ.
ಟ್ಯೂಬ್‌ಲೈಟಿನ ಕೆಳಗೆ ನಿಮಿಷಕ್ಕೆ ಮೂರು ಶರ್ಟು,
ತಪ್ಪಿದ ಹೊಲಿಗೆಗೆ ಕೆಂಪು ಸ್ಟಿಕ್ಕರು.
ಕಣ್ಣಿಗೆ ಅಲ್ಲಿ ಕಲಿಸಿದ್ದು ಒಂದೇ ಕೆಲಸ.

ವಿಕ್ಟೋರಿಯಾದ ಡಾಕ್ಟರು ಚೀಟಿ ಕೊಡುತ್ತಾ
"ನಿದ್ದೆ?" ಅನ್ನುತ್ತಾರೆ, ಬೆರಳು ಆಗಲೇ ಗಂಟೆಯ ಮೇಲೆ.
"ಬರಲ್ಲ ಸಾರ್."
"ಯೋಚನೆ ಕಮ್ಮಿ ಮಾಡಿ."
ಯೋಚನೆಗೆ ಪುರುಸೊತ್ತೆಲ್ಲಿ ಸಾರ್,
ಗೋಡೆ ಹುಡುಕುತ್ತಿರುತ್ತೇನೆ.

ಬಾಪೂಜಿನಗರದ ನಮ್ಮ ವಠಾರಕ್ಕೆ
ದಿನ ಬಿಟ್ಟು ದಿನ ಕಾವೇರಿ, ರಾತ್ರಿ ಎರಡೂ ಮುಕ್ಕಾಲಿಗೆ.
ಮೆಟ್ರೋ ಮಲಗಿ ಎಷ್ಟೋ ಹೊತ್ತಾಗಿರುತ್ತದೆ,
ನಾಯಿಗಳೂ ಬೊಗಳಿ ಸೋತಿರುತ್ತವೆ,
ಮೋರಿಯಾದ ವೃಷಭಾವತಿಯ ವಾಸನೆ ಮಾತ್ರ ಓಡಾಡುತ್ತಿರುತ್ತದೆ.
ಆಗ ನಲ್ಲಿ ಕೆಮ್ಮುತ್ತದೆ,
ಎರಡು ಚೊಂಬು ತುಕ್ಕು ಉಗುಳುತ್ತದೆ,
ಆಮೇಲೆ ನೀರು.
ಆ ಕೆಮ್ಮು ಕೇಳುವುದಕ್ಕೆ ಏಳು ಮನೆಗೆ ನನ್ನದೊಂದೇ ಕಿವಿ.

ಮುಷ್ಟಿ ಕಟ್ಟಲು ಬರುವುದಿಲ್ಲ. ಮೊಣಕೈಯಿಂದ ಬಾಗಿಲು ಬಡಿಯುತ್ತೇನೆ.
ಆರೋಗ್ಯಮೇರಿ, ಏಳು. ಶಾಹಿನಾ, ನೀರು ಬಂತಮ್ಮ.
ಕೊನೇ ಮನೆಯ ಬೆಳ್ಳಿ ಕೆಲಸದ ರುದ್ರಾಚಾರಿಗೆ ಕಿವಿ ಮಂದ,
ಆದರೂ ಮೊದಲ ಏಟಿಗೇ ಬಾಗಿಲು.
"ಅಲಾರಂ ಎಲ್ಲಿಟ್ಟಿದ್ದೀರ ಜಯಶೀಲಕ್ಕ?"
"ಅಂಗಾಲಲ್ಲಿ."
ಎಲ್ಲ ನಗುತ್ತಾರೆ, ನನ್ನ ಎರಡು ಡ್ರಮ್ಮನ್ನೂ ತುಂಬಿಸಿಕೊಡುತ್ತಾರೆ.
ಶಾಹಿನಾಳ ಕೆನ್ನೆಯ ಮೇಲೆ ದಿಂಬಿನ ಗೆರೆ.
ನಾನು ಅದನ್ನೇ ನೋಡುತ್ತಾ ನಿಲ್ಲುತ್ತೇನೆ,
ಪಕ್ಕದವಳ ಹೊಸ ಸರ ನೋಡುವವರ ಹಾಗೆ.

ಹೀಗೆ ನಡೆದಿತ್ತು.
ದೀಪಾವಳಿ ಆದಮೇಲೆ ಹೊಸ ಪೈಪು ಹೂತರು.
ಈಗಲೂ ನೀರು ಎರಡೂ ಮುಕ್ಕಾಲಿಗೇ,
ಮಧ್ಯಾಹ್ನ.
ಆರೋಗ್ಯಮೇರಿ ಮೈಸೂರುಪಾಕು ಹಂಚಿದಳು.
ಬೇಡ ಅನ್ನಬೇಕಾದವಳು ಒಂದು ಮೂಲೆ ಮುರಿದು ಬಾಯಿಗಿಟ್ಟುಕೊಂಡೆ,
ಸಂತೋಷದ ವಿಷಯ ನೋಡಿ.

ಆ ರಾತ್ರಿಯೂ ಎದ್ದೆ.
ಎದ್ದವಳಿಗೆ ಎಲ್ಲಿಗೆ ಹೋಗುವುದು ತಿಳಿಯದೆ ನಲ್ಲಿಯ ಮುಂದೆ ನಿಂತೆ.
ಒಣ ನಲ್ಲಿ, ಆದರೆ ಹಿತ್ತಾಳೆ ತಣ್ಣಗಿತ್ತು.
ಊದಿದ ಗೆಣ್ಣುಗಳನ್ನು ಒಂದೊಂದಾಗಿ ಅದಕ್ಕೆ ಒತ್ತಿದೆ.
ಆಮೇಲೆ ಕಂಡಿತು:
ಕೊನೇ ಮನೆಯ ಮೆಟ್ಟಿಲ ಮೇಲೆ ರುದ್ರಾಚಾರಿ,
ಪಂಚೆ ಮೊಳಕಾಲಿಗೆ ಎತ್ತಿ,
ಪಾದ ಎರಡೂ ಬಕೆಟ್ಟಿನಲ್ಲಿ.

ಕಿವುಡ, ಮೊದಲ ಏಟಿಗೇ ಬಾಗಿಲು.
ಇಷ್ಟು ವರ್ಷ ಲೆಕ್ಕಕ್ಕೇ ಹೊಳೆದಿರಲಿಲ್ಲ,
ಚೆಕಿಂಗಿನವಳಿಗೆ.

ಎಷ್ಟು ದಿನದಿಂದ ಎಂದು ಕೈಯಲ್ಲಿ ಕೇಳಿದೆ.
ಅವರು ಬೆರಳು ಎಣಿಸಲು ಶುರುಮಾಡಿ, ಅರ್ಧಕ್ಕೆ ಬಿಟ್ಟು,
ಮೆಟ್ಟಿಲ ಅಂಚಿಗೆ ಸರಿದರು.
ಬಕೆಟ್ಟನ್ನು ನನ್ನ ಕಡೆ ನೂಕಿದರು.

ನೀರು ಆಗಲೇ ಉಗುರುಬೆಚ್ಚಗಾಗಿತ್ತು.